ಆಟಗಾರನ ರಜೆ, ಆಟಗಾರನ ಕೂಲಿ

ನಮ್ಮ ಕಚೇರಿಯ ರಜಾ ನಿಯಮಗಳಲ್ಲಿ 'ವಿಶೇಷ ಸಾಂದರ್ಭಿಕ ರಜೆ' ಎಂಬುದೊಂದಿದೆ. ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಆಡುವ ಕೇಂದ್ರ ಸರಕಾರದ ನೌಕರನಿಗೆ ವರ್ಷಕ್ಕೆ 30 ದಿನಗಳವರೆಗೆ ಸಂಬಳ ಸಹಿತವಾಗಿ ಈ ರಜೆ ದೊರೆಯುತ್ತದೆ. ವಾಶಿಯಿಂದ ಹಾರ್ಬರ್ ಲೈನಿನ ಗಾಡಿ ಹಿಡಿದು ದಿನವೂ ಕಚೇರಿಗೆ ಹೋಗಿಬರುವ ನಾವು ಈ ರಜೆಯ ಕಾಗದಗಳನ್ನು ಬೇರೆಯವರಿಗಾಗಿ ಎಷ್ಟೋ ಸಲ ಸಿದ್ಧಪಡಿಸಿದ್ದೇವೆ. ನಮ್ಮ ಹೆಸರಿನಲ್ಲಿ ಸಿದ್ಧಪಡಿಸುವ ಯೋಗ ಮಾತ್ರ ಬರಲಿಲ್ಲ! ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನು 'ಆಟದ ರಜೆ' ಎಂದು ಹಗುರಾಗಿ ಹೇಳುವುದುಂಟು. ಆದರೆ ಇಂಥದೇ ಒಂದು ಸೌಲಭ್ಯಕ್ಕಾಗಿ ಹಿಂದೊಮ್ಮೆ ಇಂಗ್ಲೆಂಡಿನಲ್ಲಿ ಒಂದು ಆಟವೇ ಎರಡಾಗಿ ಒಡೆದು ಹೋಯಿತೆಂಬುದನ್ನು ತಿಳಿದ ಮೇಲೆ ನಮಗೆ ಅದು ಹಗುರಾಗಿ ಕಾಣುತ್ತಿಲ್ಲ.

ಈ ವಿಚಾರ ತಲೆಗೆ ಹತ್ತಲು ಕಾರಣ ನಮ್ಮ ಕಟ್ಟಡದ ಒಬ್ಬ ತಾಯಿ. ಕುಂದಾಪುರದ ಕಡೆಯವರು. ಒಂದು ಭಾನುವಾರ ಬೆಳಿಗ್ಗೆ ಮಗನನ್ನು ಮುಂದಿಟ್ಟುಕೊಂಡು ಬಂದು, "ಅಣ್ಣಾ, ಇವನಿಗೆ ನೀವಾದರೂ ಬುದ್ಧಿ ಹೇಳಿ. ಬ್ಯಾಂಕ್ ಪರೀಕ್ಷೆಯ ಕ್ಲಾಸು ಬಿಟ್ಟು ಕಬಡ್ಡಿ ಕಬಡ್ಡಿ ಅಂತ ತಿರುಗುತ್ತಾನೆ" ಎಂದರು. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಮೊಣಕೈಯಲ್ಲಿ ತರಚಿದ ಗಾಯ. "ರಿಶಾಂಕ್ ದೇವಾಡಿಗರ ಹಾಗೆ ಆಗಬೇಕು ಅಂಕಲ್" ಎಂದಷ್ಟೇ ಹೇಳಿದ. ಆ ದಿನ ನಮಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಆಮೇಲೆ ಓದಿ, ಯೋಚಿಸಿ ಕಂಡುಕೊಂಡದ್ದನ್ನು ಓದುಗರ ಮುಂದಿಡುತ್ತಿದ್ದೇವೆ.

ಮೊದಲು ಇಂಗ್ಲೆಂಡಿನ ಕಥೆ. ಕಳೆದ ಶತಮಾನಕ್ಕೂ ಹಿಂದೆ, ಅಲ್ಲಿನ ಉತ್ತರ ಭಾಗದ ಯಾರ್ಕ್‌ಷೈರ್, ಲ್ಯಾಂಕಷೈರ್ ಪ್ರಾಂತ್ಯಗಳಲ್ಲಿ ರಗ್ಬಿ ಆಡುತ್ತಿದ್ದವರು ಬಹುಮಟ್ಟಿಗೆ ಗಿರಣಿ ಕಾರ್ಮಿಕರು, ಕಲ್ಲಿದ್ದಲ ಗಣಿಯವರು. ದೂರದ ಊರಿಗೆ ಪಂದ್ಯಕ್ಕೆ ಹೋದರೆ ಅಂದಿನ ಕೂಲಿ ಖೋತಾ. ಹಾಗೆ ತಪ್ಪಿದ ಕೂಲಿಯನ್ನಷ್ಟೇ ಕ್ಲಬ್ಬು ತುಂಬಿಕೊಡಲಿ ಎಂಬುದು ಅವರ ಬೇಡಿಕೆ. ಆಟಕ್ಕೆ ಸಂಬಳ ಕೇಳಿದವರಲ್ಲ, ಆಟದಿಂದ ಆದ ನಷ್ಟವನ್ನು ಕೇಳಿದವರು. 1893ರಲ್ಲಿ ಲಂಡನ್ನಿನಲ್ಲಿ ನಡೆದ ರಗ್ಬಿ ಯೂನಿಯನ್ನಿನ ಸಭೆಯಲ್ಲಿ ಈ ಪ್ರಸ್ತಾಪ 282 ಮತಗಳಿಗೆ 136ರಂತೆ ಬಿದ್ದುಹೋಯಿತು. ಹಣ ಮುಟ್ಟಿದರೆ ಆಟ ಮೈಲಿಗೆಯಾಗುತ್ತದೆ ಎಂಬುದು ಅನುಕೂಲಸ್ಥರ ವಾದ. ಊಟ ಮುಗಿಸಿದವನಿಗೆ ಉಪವಾಸದ ಮಹಿಮೆ ಹೇಳುವುದು ಸುಲಭ ತಾನೆ?

1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಇಪ್ಪತ್ತಕ್ಕೂ ಹೆಚ್ಚು ಕ್ಲಬ್ಬುಗಳು ಸೇರಿ ಬೇರೆಯೇ ಸಂಘ ಕಟ್ಟಿದವು. ದಿನವೊಂದಕ್ಕೆ 6 ಷಿಲಿಂಗ್ ನಷ್ಟ ಪರಿಹಾರವೆಂದು ಗೊತ್ತಾಯಿತು. 1898ರಲ್ಲಿ ಆಟಕ್ಕೆ ಸಂಬಳ ಕೊಡಲು ಒಪ್ಪಿಗೆ ಬಂತು. ಆದರೆ ಆಟಗಾರನಿಗೆ ಬೇರೊಂದು ನಿಜವಾದ ಉದ್ಯೋಗ ಇರಲೇಬೇಕೆಂಬ ಷರತ್ತಿನೊಡನೆ! ಈ ಷರತ್ತು 1905ರವರೆಗೆ ಉಳಿಯಿತು. ಆ ಸಂಘದ ಆಟವೇ ಇಂದಿನ ರಗ್ಬಿ ಲೀಗ್. 1906ರಲ್ಲಿ ತಂಡದ ಸಂಖ್ಯೆ 13ಕ್ಕೆ ಇಳಿಯಿತು. ಅದೇ ವರ್ಷ ಹೆರಾಲ್ಡ್ ವ್ಯಾಗ್‌ಸ್ಟಾಫ್ ಎಂಬ ಹದಿನೈದರ ಹುಡುಗ ಐದು ಚಿನ್ನದ ಸವರನ್ನಿಗೆ ಹಡರ್ಸ್‌ಫೀಲ್ಡ್ ತಂಡ ಸೇರಿ, ಮುಂದೆ ಬ್ರಿಟನ್ನಿನ ನಾಯಕನಾದ. 1914ರ ಜುಲೈ 4ರಂದು ಸಿಡ್ನಿಯಲ್ಲಿ, ಗಾಯಾಳುಗಳಾಗಿ ಒಬ್ಬೊಬ್ಬರೇ ಹೊರನಡೆದು ಕೊನೆಗೆ ಹತ್ತೇ ಮಂದಿ ಉಳಿದಿದ್ದ ಅವನ ತಂಡ ಆಸ್ಟ್ರೇಲಿಯಾವನ್ನು 14-6ರಿಂದ ಸೋಲಿಸಿದ್ದನ್ನು ಅಲ್ಲಿಯವರು ಇಂದಿಗೂ ನೆನೆಯುತ್ತಾರೆ. ಹಣದ ಆಟಗಾರನಿಗೆ ಅಭಿಮಾನವಿರುವುದಿಲ್ಲ ಎಂದವರಿಗೆ ಇದಕ್ಕಿಂತ ಉತ್ತರ ಬೇಕೆ? ಇನ್ನೊಂದು ತಮಾಷೆ: ಮೈಲಿಗೆಯ ಮಾತಾಡಿದ ಆ ಹಳೆಯ ರಗ್ಬಿಯೂ 1995ರಲ್ಲಿ, ಸರಿಯಾಗಿ ನೂರು ವರ್ಷಕ್ಕೆ, ಸಂಬಳದ ಆಟವಾಯಿತು.

ರಗ್ಬಿ ಲೀಗಿಗೂ ನಮ್ಮ ಕಬಡ್ಡಿಗೂ ಏನು ನಂಟು ಎಂದು ಕೇಳಬಹುದು. ಅಲ್ಲಿ ಚೆಂಡು ಹಿಡಿದು ನುಗ್ಗುವವನನ್ನು ಕೆಡವಬೇಕು. ಇಲ್ಲಿ ಉಸಿರು ಹಿಡಿದು ನುಗ್ಗುವವನನ್ನು. ಅಲ್ಲಿ ಆರು ಸಲ ಕೆಡವಿಸಿಕೊಂಡರೆ ಚೆಂಡು ಎದುರಾಳಿಗೆ; ಇಲ್ಲಿಯ ವೃತ್ತಿಪರ ಆಟದಲ್ಲಿ ಎರಡು ದಾಳಿ ಬರಿಗೈಯಾದರೆ ಮೂರನೆಯದು 'ಮಾಡು ಇಲ್ಲವೆ ಮಡಿ', ಅಂಕ ತರದವನು ಔಟ್. ಎರಡೂ ಮೈಗೆ ಮೈ ಕೊಡುವ ಆಟಗಳು. ಮುಂಬಯಿಯಲ್ಲಂತೂ ಪರೇಲ್, ಲಾಲ್‌ಬಾಗ್‌ನ ಗಿರಣಿ ಚಾಳುಗಳಲ್ಲಿ ಬೆಳೆದ ಆಟ ಇದು. ಮರಾಠಿ ಜನ ಇದನ್ನು ಹುತುತು ಎಂದರು. 1923ರಲ್ಲಿ ಬರೋಡಾದ ಹಿಂದ್ ವಿಜಯ್ ಜಿಮ್ಖಾನಾ ನಿಯಮಗಳನ್ನು ಅಚ್ಚು ಹಾಕಿಸಿತು. 1990ರಲ್ಲಿ ಬೀಜಿಂಗಿನ ಏಷ್ಯಾಡ್‌ನಲ್ಲಿ ಸ್ಥಾನ ದೊರೆತು, ಭಾರತಕ್ಕೆ ಚಿನ್ನ ಬಂತು.

ಇಷ್ಟಾದರೂ ಆಟಗಾರನಿಗೆ ಆಟದಿಂದ ನೇರವಾಗಿ ಅನ್ನ ಹುಟ್ಟುತ್ತಿರಲಿಲ್ಲ. ನಮ್ಮ ದೇಶ ಕಂಡುಕೊಂಡ ದಾರಿ ಬೇರೆ. ಆಟಕ್ಕೆ ಕೂಲಿ ಕೊಡುವ ಬದಲು ಆಟಗಾರನಿಗೆ ನೌಕರಿ ಕೊಟ್ಟಿತು. ರೈಲ್ವೆ, ಸೇನೆ, ಪೊಲೀಸು, ಬ್ಯಾಂಕು, ತೈಲ ಕಂಪನಿ ಎಲ್ಲವೂ ತಂಡಗಳನ್ನು ಸಾಕಿದವು. ಹಡರ್ಸ್‌ಫೀಲ್ಡಿನವರು ಕೇಳಿದ ನಷ್ಟ ಪರಿಹಾರ ಇಲ್ಲಿ ಹಾಜರಿ ಪುಸ್ತಕದ ಮೂಲಕ ಬಂತೆನ್ನಬಹುದು.

2014ರಲ್ಲಿ ಲೆಕ್ಕ ಬದಲಾಯಿತು. ಆ ವರ್ಷ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಪ್ರೊ ಕಬಡ್ಡಿ ಲೀಗಿನ ಮೊದಲ ಹರಾಜು ನಡೆದು, ರಾಕೇಶ್ ಕುಮಾರ್ ಅವರಿಗೆ 12.80 ಲಕ್ಷ ರೂಪಾಯಿಯ ಅತ್ಯಧಿಕ ಬೆಲೆ ಬಂತು. ಜುಲೈ 26ರಂದು ವರಳಿಯಲ್ಲಿ ಮೊದಲ ಪಂದ್ಯ. ಅಲ್ಲಿ ಯು ಮುಂಬಾ ತಂಡದಲ್ಲಿದ್ದವರು ರಿಶಾಂಕ್ ದೇವಾಡಿಗ.

ಹೆಸರೇ ಹೇಳುವಂತೆ ಕರಾವಳಿ ಮೂಲದ ಮನೆತನ, ಬೆಳೆದದ್ದು ಮುಂಬಯಿಯಲ್ಲಿ. ಮೊದಲು ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಹೋಟೆಲಿಗೂ ನಮ್ಮವರಿಗೂ ಇರುವ ನಂಟನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಿಲ್ಲ. ಹಗಲು ಹೋಟೆಲಿನಲ್ಲಿ ದುಡಿದು, ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದವರ ತಲೆಮಾರೇ ಇತ್ತು. ದೇವಾಡಿಗರಿಗೆ ಆ ರಾತ್ರಿಶಾಲೆಯ ಸ್ಥಾನದಲ್ಲಿ ಕಬಡ್ಡಿ ಅಂಗಣವಿತ್ತೆನ್ನೋಣ. ಆಟದ ಬಲದಿಂದಲೇ ಭಾರತ್ ಪೆಟ್ರೋಲಿಯಂನಲ್ಲಿ ನೌಕರಿ ದೊರೆಯಿತು.

2015ರ ಆಗಸ್ಟ್ 23ರಂದು ಯು ಮುಂಬಾ ತಂಡ ಬೆಂಗಳೂರು ಬುಲ್ಸ್ ತಂಡವನ್ನು 36-30ರಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. ಅಂದು ಮುಂಬಯಿ ಕನ್ನಡಿಗರ ಪಾಡು ಕೇಳಬೇಡಿ. ಚಪ್ಪಾಳೆ ತವರಿಗೋ, ಸೇರಿದ ಮನೆಗೋ? 2017ರಲ್ಲಿ ದೇವಾಡಿಗರು 45.5 ಲಕ್ಷಕ್ಕೆ ಯು.ಪಿ. ಯೋಧಾ ತಂಡ ಸೇರಿ, ಜೈಪುರದ ವಿರುದ್ಧ ಒಂದೇ ಪಂದ್ಯದಲ್ಲಿ 28 ಅಂಕ ತಂದರು. ಅದುವರೆಗೆ ಅಷ್ಟನ್ನು ಯಾರೂ ತಂದಿರಲಿಲ್ಲ. 2018ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಇವರ ನಾಯಕತ್ವದಲ್ಲಿ ಮಹಾರಾಷ್ಟ್ರ ತಂಡ ಸರ್ವಿಸಸ್ ತಂಡವನ್ನು 34-29ರಿಂದ ಸೋಲಿಸಿ ರಾಷ್ಟ್ರೀಯ ಪ್ರಶಸ್ತಿ ಪಡೆಯಿತು. ದೇವಾಡಿಗ ಎಂಬ ಹೆಸರಿನವರು ಮಹಾರಾಷ್ಟ್ರದ ನಾಯಕ! ಹೊರನಾಡಿನಲ್ಲಿ ನಮ್ಮವರು ಹೇಗೆ ಬಾಳಬೇಕೆಂಬ ಭಾಷಣಗಳನ್ನು ಸಭೆಗಳಲ್ಲಿ ಬಹಳ ಕೇಳಿದ್ದೇವೆ; ಅವೆಲ್ಲದರ ತಿರುಳು ಈ ಒಂದು ಸುದ್ದಿಯಲ್ಲಿತ್ತು.

ಅದೇ ವರ್ಷದ ಹರಾಜಿನಲ್ಲಿ ಮೊದಲ ಬಾರಿಗೆ ಆರು ಮಂದಿ ಆಟಗಾರರ ಬೆಲೆ ಕೋಟಿ ಮುಟ್ಟಿತು. ಇವರದು 1.11 ಕೋಟಿ. ಆಗಸ್ಟ್‌ನಲ್ಲಿ ಜಕಾರ್ತಾ ಏಷ್ಯಾಡ್. ಅಲ್ಲಿ ಇವರಿದ್ದ ಭಾರತ ತಂಡ ಉಪಾಂತ್ಯದಲ್ಲಿ ಇರಾನಿಗೆ ಸೋತು ಕಂಚಿಗೆ ತೃಪ್ತಿಪಡಬೇಕಾಯಿತು. 1990ರಿಂದ ಕೈಬಿಡದಿದ್ದ ಚಿನ್ನ ಅಂದು ಕೈಬಿಟ್ಟಿತು. ಕೋಟಿಯೂ ಕಂಚೂ ಒಂದೇ ವರ್ಷದಲ್ಲಿ! ಮುಂದೆ 2021-22ರ ಋತುವಿಗೆ ದೇವಾಡಿಗರು ಬೆಂಗಾಲ್ ವಾರಿಯರ್ಸ್ ಪಾಲಾದರು. ಹರಾಜಿನ ಹೊಸ ಕೋಟಿಗಳು ಅಷ್ಟರಲ್ಲಿ ಬೇರೆಯವರ ಹೆಸರಿಗೆ ಹೋಗಿದ್ದವು. ಹರಾಜೆಂದರೆ ಹಾಗೆಯೇ. ವಾಶಿಯ ಸಗಟು ಮಾರುಕಟ್ಟೆಯಲ್ಲಿ ಈರುಳ್ಳಿಯ ದರ ಏರಿಳಿಯುವುದನ್ನು ನೋಡಿದ ನಮಗೆ ಇದು ಹೊಸದಲ್ಲ. ಆದರೆ ಇಲ್ಲಿ ದರ ಕಟ್ಟುವುದು ಮನುಷ್ಯನ ಮೊಣಕಾಲಿಗೆ, ಉಸಿರಿಗೆ.

ಇನ್ನೊಂದು ವರ್ಷವನ್ನೂ ಮರೆಯಬಾರದು. 2020ರಲ್ಲಿ ಕೊರೋನಾದಿಂದಾಗಿ ಲೀಗ್ ನಡೆಯಲೇ ಇಲ್ಲ. ಹರಾಜೊಂದನ್ನೇ ನೆಚ್ಚಿದವನಿಗೆ ಅದು ಬರಿಗೈಯ ವರ್ಷ. ನೌಕರಿಯಿದ್ದವನಿಗೆ ತಿಂಗಳ ಮೊದಲಿಗೆ ಸಂಬಳ ಬಂತು. 1898ರ ಆ ಷರತ್ತನ್ನು ನಾವು ಮೊದಲು ಓದಿದಾಗ ದರ್ಪವೆಂದುಕೊಂಡಿದ್ದೆವು. ಕಡ್ಡಾಯ ಮಾಡಿದ್ದು ದರ್ಪವೇ ಸರಿ. ಆದರೆ ಆಟಗಾರನೇ ಆರಿಸಿಕೊಂಡರೆ ಅದು ಆಸರೆ.

ಕೇಂದ್ರ ಸರಕಾರದ ಕೆಳದರ್ಜೆಯ ನೇರ ನೇಮಕಾತಿಯಲ್ಲಿ ನೂರಕ್ಕೆ 5ರ ಮಿತಿಯೊಳಗೆ ಕ್ರೀಡಾಪಟುಗಳನ್ನು ತೆಗೆದುಕೊಳ್ಳಲು ಅವಕಾಶವಿದೆ. ಆ ಆಟಗಳ ಪಟ್ಟಿಯಲ್ಲಿ ಕಬಡ್ಡಿಯೂ ಇದೆ. ರಾಜ್ಯವನ್ನೋ, ಅಂತರ ವಿಶ್ವವಿದ್ಯಾಲಯ ಪಂದ್ಯದಲ್ಲಿ ವಿಶ್ವವಿದ್ಯಾಲಯವನ್ನೋ ಪ್ರತಿನಿಧಿಸಿದವರು ಅರ್ಜಿ ಹಾಕಬಹುದು. ಹಾಗೆ ಪ್ರತಿನಿಧಿಸಬೇಕಾದರೆ ಕಾಲೇಜು ಬಿಡಬಾರದು, ಆಟವನ್ನೂ ಬಿಡಬಾರದು. ಗೆದ್ದರೂ ಸೋತರೂ ಪ್ರಮಾಣಪತ್ರಗಳನ್ನು ಜೋಪಾನ ಮಾಡಬೇಕು. ಕೊನೆಯದು ಗುಮಾಸ್ತನ ಮಾತು, ಆದರೂ ನೆನಪಿರಲಿ.

ಮುಂದಿನ ಭಾನುವಾರ ನಾವೇ ಅವರ ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆವು. ತಾಯಿ ಪೂರ್ತಿ ಒಪ್ಪಿದರೆಂದು ಹೇಳಲಾರೆವು. "ನೋಡುವ ಅಣ್ಣಾ" ಎಂದು ಚಹ ಕೊಟ್ಟರು. ಹುಡುಗ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದು ನಮ್ಮ ಮುಂದೆ ಸುರಿದ. ಜಿಲ್ಲಾ ಮಟ್ಟದ ಪಂದ್ಯಗಳ ನಾಲ್ಕು ಪ್ರಮಾಣಪತ್ರಗಳು, ಒಂದರ ಮೂಲೆ ಮಳೆನೀರಿನಿಂದ ನೆನೆದಿತ್ತು. ಅವುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ನಮ್ಮಲ್ಲಿದ್ದ ಒಂದು ಫೈಲಿಗೆ ಹಾಕಿಕೊಟ್ಟೆವು.