ಮೈಸೂರಿನ ಗರಡಿಗಳಲ್ಲಿ ದೊಣ್ಣೆವರಸೆ: ಒಂದು ಐತಿಹಾಸಿಕ ವಿವೇಚನೆ

ಮೈಸೂರು ನಗರದ ಅಂಗಸಾಧನೆಯ ಪರಂಪರೆಯನ್ನು ಕುರಿತು ಮಾತು ಬಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ವಿಜಯದಶಮಿಯಂದು ಅರಮನೆಯ ಒಳಾಂಗಣದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ. ತಲೆ ಬೋಳಿಸಿಕೊಂಡು, ಬಲಗೈಗೆ ಮುಷ್ಟಿಯಾಯುಧವನ್ನು ತೊಟ್ಟ ಜೆಟ್ಟಿಗಳಿಬ್ಬರು ಎದುರುಬದುರಾಗಿ ನಿಲ್ಲುತ್ತಾರೆ. ಒಬ್ಬನ ತಲೆಯಿಂದ ಮೊದಲ ರಕ್ತಬಿಂದು ಕಾಣಿಸಿಕೊಂಡೊಡನೆ ಕಾಳಗ ಮುಗಿಯುತ್ತದೆ. ಇದನ್ನು ಬಿಟ್ಟರೆ ದಸರೆಯ ಕುಸ್ತಿ. ಇವೆರಡನ್ನು ಕುರಿತು ಬರೆಹಗಳುಂಟು, ಚಿತ್ರಗಳುಂಟು. ಆದರೆ ಗರಡಿಯ ಮೂಲೆಯಲ್ಲಿ ಒರಗಿಸಿಟ್ಟ ಬಿದಿರಿನ ದೊಣ್ಣೆಯನ್ನು ಕುರಿತು ಇತಿಹಾಸಕಾರರು ಬರೆದಿರುವುದು ಬಹು ಸ್ವಲ್ಪ. ಪ್ರಕೃತ ಲೇಖನದಲ್ಲಿ ಆ ದೊಣ್ಣೆಯ ವಿದ್ಯೆಯನ್ನೇ, ಅಂದರೆ ದೊಣ್ಣೆವರಸೆಯನ್ನೇ, ವಿಚಾರಕ್ಕೆ ತೆಗೆದುಕೊಂಡಿದ್ದೇವೆ. ಅದನ್ನು ಜಾತ್ರೆಯ ಮನರಂಜನೆಯೆಂದು ಜನಪದ ಕುಣಿತಗಳ ಪಟ್ಟಿಯಲ್ಲಿ ಸೇರಿಸಿ ಕೈತೊಳೆದುಕೊಳ್ಳುವ ವಾಡಿಕೆ ಸರಿಯಲ್ಲವೆಂದೂ, ಗರಡಿಯ ಆಯುಧಶಿಕ್ಷಣಕ್ಕೆ ದೊಣ್ಣೆಯೇ ತಳಹದಿಯಾಗಿತ್ತೆಂದೂ ನಮ್ಮ ಅಭಿಪ್ರಾಯ.

ಲಿಖಿತ ಆಧಾರ ವಿರಳವಾಗಿರುವ ಕಡೆ ಮಾತುಗಳೇ ಸಾಕ್ಷಿ ನುಡಿಯುವುದುಂಟು. 'ಗರಡಿ' ಎಂಬ ಶಬ್ದವನ್ನು ಈಗ ನಾವು ಕುಸ್ತಿಯ ಮನೆಯೆಂಬ ಅರ್ಥದಲ್ಲಿ ಬಳಸುತ್ತಿದ್ದೇವೆ. ಹಳೆಯ ಸಾಹಿತ್ಯದಲ್ಲಿ ಇದರ ರೂಪ 'ಗರುಡಿ'. ಅರ್ಥ, ಆಯುಧವಿದ್ಯೆಯನ್ನು ಕಲಿಸುವ ಶಾಲೆ. ಕುಸ್ತಿ ಅದರ ಒಂದು ಭಾಗ ಮಾತ್ರ. ತುಳುನಾಡಿನಲ್ಲಿ ಈ ಶಬ್ದ ಇನ್ನೊಂದು ದಾರಿ ಹಿಡಿದು, ಕೋಟಿ-ಚೆನ್ನಯರ ಆರಾಧನೆಯ ಸ್ಥಾನಕ್ಕೆ ಹೆಸರಾಯಿತು. ವಿದ್ಯೆಯ ಮನೆ ವೀರರ ಗುಡಿಯಾಯಿತು. ಗರಡಿಯಲ್ಲಿ ಮಾಡುವ ಅಭ್ಯಾಸಕ್ಕೆ 'ಸಾಮು' ಎಂದು ಹೆಸರು. ಇದು ಸಂಸ್ಕೃತದ 'ಶ್ರಮ' ಶಬ್ದದ ತದ್ಭವ. 'ತಾಲೀಮು' ಅರಬ್ಬಿಯಿಂದಲೂ, 'ಉಸ್ತಾದ್', 'ಪೈಲ್ವಾನ' ಎಂಬುವು ಪಾರಸಿಯಿಂದಲೂ ಬಂದಿವೆ. 'ದೊಣ್ಣೆ', 'ಕೋಲು', 'ವರಸೆ' ಎಂಬುವು ನಾಡಿನ ಮಾತುಗಳು. ಹನುಮಂತನ ಪಟಕ್ಕೆ ಕೈಮುಗಿದು, ಉಸ್ತಾದರ ಪಾದ ಮುಟ್ಟಿ, ಸಾಮು ಆರಂಭಿಸುವ ಹುಡುಗನಿಗೆ ತಾನು ನಾಲ್ಕು ಭಾಷೆಗಳ ಚರಿತ್ರೆಯೊಳಗೆ ನಿಂತಿದ್ದೇನೆಂಬ ಅರಿವು ಇರಲಾರದು. ದಸರೆಯಲ್ಲಿ ತಿರುಗಿದ ದೊಣ್ಣೆಯೇ ಬಾಬಯ್ಯನ ಹಬ್ಬದಲ್ಲಿಯೂ ತಿರುಗುತ್ತಿದ್ದಿತು. ಈ ವಿದ್ಯೆಯನ್ನು ಯಾವುದಾದರೊಂದು ಮತದ ಇಲ್ಲವೆ ಜಾತಿಯ ಸೊತ್ತೆಂದು ವಾದಿಸುವವರಿಗೆ ಗರಡಿಯ ಶಬ್ದಕೋಶವೇ ಉತ್ತರ ಹೇಳುತ್ತದೆ.

'ವರಸೆ' ಎಂಬ ಮಾತಿನಲ್ಲಿ ಸ್ವಲ್ಪ ನಿಲ್ಲಬೇಕು. ವರಸೆಯೆಂದರೆ ಸಾಲು, ಕ್ರಮ, ಒಂದರ ಹಿಂದೊಂದು ಬರುವುದು. ಸಂಗೀತ ಕಲಿಯುವ ಮಗು ಮೊದಲು ಸರಳೆ ವರಸೆ, ಆಮೇಲೆ ಜಂಟಿ ವರಸೆ ಹಾಡುತ್ತದೆ. ತಮಿಳಿನ ಸಿಲಂಬದಲ್ಲಿಯೂ ಇದೇ ಶಬ್ದ 'ವರಿಶೈ' ಎಂಬ ರೂಪದಲ್ಲಿದೆ. ಹೀಗಾಗಿ ದೊಣ್ಣೆವರಸೆಯೆಂದರೆ ದೊಣ್ಣೆಯಿಂದ ಹೊಡೆಯುವುದಲ್ಲ. ಹೆಜ್ಜೆ, ಸೊಂಟ, ಭುಜ, ಮಣಿಕಟ್ಟು, ದೃಷ್ಟಿ ಇವುಗಳನ್ನು ಒಂದು ಕ್ರಮಕ್ಕೆ ತರುವುದು. ಸಂಗೀತದ ವಿದ್ಯಾರ್ಥಿ ಕಛೇರಿಯಲ್ಲಿ ಸರಳೆ ವರಸೆಯನ್ನು ಹಾಡುವುದಿಲ್ಲ. ಆದರೆ ಅದನ್ನು ಬಿಟ್ಟು ಕಛೇರಿಯಿಲ್ಲ. ಜಗಳದಲ್ಲಿ ದೊಣ್ಣೆವರಸೆಯನ್ನು ಯಾರೂ ಆದಿಯಿಂದ ಅಂತ್ಯದವರೆಗೆ ಒಪ್ಪಿಸುವುದಿಲ್ಲವೆಂಬ ಆಕ್ಷೇಪಕ್ಕೂ ಇದೇ ಸಮಾಧಾನ.

ಇನ್ನು ಗ್ರಂಥಾಧಾರಗಳು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವೆಂಬ ಪ್ರಕರಣವುಂಟು. 'ಅಭಿಲಷಿತಾರ್ಥಚಿಂತಾಮಣಿ'ಯೆಂಬುದು ಇದೇ ಗ್ರಂಥದ ಇನ್ನೊಂದು ಹೆಸರು. ಅಲ್ಲಿ ಮಲ್ಲರ ವರ್ಗಗಳಲ್ಲಿ 'ಜ್ಯೇಷ್ಠಿಕ'ನೆಂಬವನು ಮೊದಲಿಗ. ಮೈಸೂರಿನ 'ಜೆಟ್ಟಿ' ಈ ಶಬ್ದಕ್ಕೆ ಸಂಬಂಧಿಸಿದವನು. ಮಲ್ಲರ ಸಾಧನೆಯ ವಿಧಗಳನ್ನು ಹೇಳುವಾಗ ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಎಂದು ಎಣಿಸಲಾಗಿದೆ: ಭಾರವೆತ್ತುವುದು, ನಡೆದಾಡುವುದು, ಈಜುವುದು, ಕಂಬದ ಮೇಲೆ ಸಾಧನೆ ಮಾಡುವುದು. ನಮ್ಮ ಗರಡಿಯ 'ಸಾಮು' ಇಲ್ಲಿಯ 'ಶ್ರಮ'ವೇ ಎಂಬುದರಲ್ಲಿ ಸಂದೇಹವಿಲ್ಲ. ಗುಂಡುಕಲ್ಲು, ಮಲ್ಲಕಂಬಗಳು ಕೂಡ ಆ ಪಟ್ಟಿಯ ವಾರಸುದಾರರೇ. ಆದರೆ ಗ್ರಂಥ ದೊರೆಯ ವಿನೋದಗಳನ್ನು ಕುರಿತದ್ದು; ದೊರೆಗೆ ವಿನೋದವಾಗದ ಹಳ್ಳಿಗನ ಕೋಲು ಅದರಲ್ಲಿ ಕಾಣದಿದ್ದರೆ ಅಚ್ಚರಿಪಡಬೇಕಾಗಿಲ್ಲ.

ಮುಂದಿನ ಆಧಾರಗಳೂ ಅರಮನೆಯ ಕಡೆಯವೇ. ಕ್ರಿ. ಶ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಮಹಾನವಮಿಯ ಮಲ್ಲರು ಹಲ್ಲು ಮುರಿಯುವಂತೆ, ಮುಖ ವಿಕಾರವಾಗುವಂತೆ ಗುದ್ದಾಡುತ್ತಿದ್ದರೆಂದು ಬರೆದಿದ್ದಾನೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ನವರಾತ್ರಿಯ ಉತ್ಸವವನ್ನು ಆರಂಭಿಸಿದಾಗ ಆ ಸಂಪ್ರದಾಯ ಕಾವೇರಿಯ ತೀರಕ್ಕೆ ಬಂದಿತು. ರಣಧೀರ ಕಂಠೀರವ ನರಸರಾಜ ಒಡೆಯರು ಮಾರುವೇಷದಲ್ಲಿ ತಿರುಚಿನಾಪಳ್ಳಿಗೆ ಹೋಗಿ ಅಲ್ಲಿಯ ಜಟ್ಟಿಯನ್ನು ಗೆದ್ದರೆಂಬ ಐತಿಹ್ಯ ಎಲ್ಲರಿಗೂ ತಿಳಿದದ್ದೇ. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಸೆರೆಯಾಗಿದ್ದ ಜೇಮ್ಸ್ ಸ್ಕರ್ರಿಯ ಅನುಭವಕಥನ 1824ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಒಂದು ಗರಡಿಯವರನ್ನು ಇನ್ನೊಂದು ಗರಡಿಯವರ ಮೇಲೆ ಜೊತೆಗೂಡಿಸಿ ಬಿಡುತ್ತಿದ್ದುದನ್ನೂ, ಅವರ ಬಲಗೈಯಲ್ಲಿದ್ದ ಉಕ್ಕಿನ ಉಗುರುಗಳನ್ನೂ ಅವನು ವರ್ಣಿಸಿದ್ದಾನೆ. ಈ ಸಾಕ್ಷಿಗಳೆಲ್ಲರೂ ನಿಂತಿದ್ದುದು ದೊರೆಯ ಸಮ್ಮುಖದಲ್ಲಿ. ಅವರು ಕಂಡದ್ದನ್ನೇ ಬರೆದರು. ನಾವು ಮಾತ್ರ ಅವರು ಬರೆದದ್ದೇ ಇದ್ದುದೆಲ್ಲವೆಂದು ನಂಬಿದೆವು.

ದೊಣ್ಣೆ ಕಣ್ಮರೆಯಾಗಿರುವುದಕ್ಕೆ ಇನ್ನೂ ಒಂದು ಕಾರಣವುಂಟು. ಬಿದಿರು ಉಳಿಯುವ ವಸ್ತುವಲ್ಲ. ಕತ್ತಿ ಆಯುಧಶಾಲೆಯಲ್ಲಿ ಉಳಿಯುತ್ತದೆ. ವೀರಗಲ್ಲಿನ ಶಿಲ್ಪಿ ಕತ್ತಿ, ಗುರಾಣಿ, ಬಿಲ್ಲುಗಳನ್ನು ಕೆತ್ತುತ್ತಾನೆ. ದೊಣ್ಣೆ ಮುರಿದರೆ ಒಲೆಗೆ ಹೋಗುತ್ತದೆ. ಕಾಡಿನಿಂದ ಬರುವ ಗಂಡುಬಿದಿರು, ಅಂದರೆ ಒಳಗೆ ಟೊಳ್ಳು ಕಡಿಮೆಯಿರುವ ಗಟ್ಟಿ ಜಾತಿ, ಇದಕ್ಕೆ ತಕ್ಕದ್ದು. ಅದನ್ನು ಒಣಗಿಸಿ, ಬೆಂಕಿಯ ಶಾಖಕ್ಕೆ ಹಿಡಿದು ಸೊಟ್ಟ ತೆಗೆದು, ಎಣ್ಣೆ ಕುಡಿಸಿದರೆ ಆಯುಧ ಸಿದ್ಧ. ಇಂತಹ ವಸ್ತುವಿಗೆ ಲೆಕ್ಕಪತ್ರ ಎಲ್ಲಿಂದ ಬರಬೇಕು?

1799ರ ಘಟನೆಗಳು ಈ ಚರಿತ್ರೆಯಲ್ಲಿ ನಾವು ಭಾವಿಸಿರುವುದಕ್ಕಿಂತ ಹೆಚ್ಚು ಮುಖ್ಯ. ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಸೇನೆ ಚದುರಿತು. ಸಂಸ್ಥಾನದ ರಕ್ಷಣೆಯ ಹೊಣೆ ಕಂಪನಿಯದಾಯಿತು. ರಾಜಧಾನಿ ಮೈಸೂರಿಗೆ ಬಂದಿತು. ದಿವಾನ್ ಪೂರ್ಣಯ್ಯನವರು ಊರೂರುಗಳ ಕಾವಲಿನ ಕಂದಾಚಾರದ ಆಳುಗಳನ್ನು ಉಳಿಸಿಕೊಂಡರಾದರೂ, 1831ರಲ್ಲಿ ಆಡಳಿತ ಬ್ರಿಟಿಷ್ ಕಮಿಷನರರ ಕೈಗೆ ಹೋದ ತರುವಾಯ ಆ ವ್ಯವಸ್ಥೆ ಕ್ರಮೇಣ ಕರಗಿ ಪೊಲೀಸ್ ಇಲಾಖೆಗೆ ಎಡೆಗೊಟ್ಟಿತು. ಕತ್ತಿ ಹಿಡಿದು ಜೀವಿಸುವ ವೃತ್ತಿ ಹೀಗೆ ಎರಡು ತಲೆಮಾರುಗಳಲ್ಲಿ ಮಾಯವಾಯಿತು. ವೃತ್ತಿ ಹೋದರೂ ವಿದ್ಯೆ ಹೋಗಲಿಲ್ಲ. ಮೊಹಲ್ಲಾಗಳ ಗರಡಿಯೊಳಗೆ ಅದು ಆಶ್ರಯ ಪಡೆಯಿತೆಂದು ನಾವು ತರ್ಕಿಸುತ್ತೇವೆ. ಕತ್ತಿವರಸೆ ಹಬ್ಬದ ಪ್ರದರ್ಶನವಾಗಿ ಉಳಿಯಿತು. ನಿತ್ಯದ ಬಳಕೆಗೆ ಉಳಿದುದು ದೊಣ್ಣೆಯೊಂದೇ: ತೋಟದ ಕಾವಲಿಗೆ, ರಾತ್ರಿಯ ಪ್ರಯಾಣಕ್ಕೆ, ಸಂತೆಯಿಂದ ಹಣ ತರುವಾಗ. ಇಪ್ಪತ್ತನೆಯ ಶತಮಾನದಲ್ಲಿ ಬಂಗಾಳದ ಪುಲಿನ್ ಬಿಹಾರಿ ದಾಸರು ಲಾಠಿಯ ಆಟವನ್ನು ಕ್ರಾಂತಿಕಾರಿ ತರುಣರ ಶಿಕ್ಷಣಕ್ಕೆ ಸೇರಿಸಿದ್ದೂ, 1923ರಲ್ಲಿ ಹುಟ್ಟಿದ ನಾ. ಸು. ಹರ್ಡೀಕರರ ಸೇವಾದಳ ಶಿಸ್ತಿನ ಕವಾಯತನ್ನು ತರುಣರಿಗೆ ಕಲಿಸಿದ್ದೂ ಬೇರೆ ಅಧ್ಯಾಯ. ಅದೇ ಬಿದಿರು ಆ ತರುಣರನ್ನು ಚದುರಿಸಲು ಬಂದ ಪೊಲೀಸರ ಕೈಯಲ್ಲಿಯೂ ಇದ್ದಿತೆಂಬುದನ್ನು ಇಲ್ಲಿ ನೆನೆದು ಮುಂದುವರಿಯಬಹುದು.

ದೊಣ್ಣೆ ಕತ್ತಿಯ ಬದಲಿಗೆ ಬಂದ ಬಡ ವಸ್ತುವೇ, ಇಲ್ಲವೆ ಕತ್ತಿಗಿಂತ ಮೊದಲು ಕಲಿಯಬೇಕಾದ ಮೂಲಪಾಠವೇ? ನೆರೆಯ ಕೇರಳದ ಕಳರಿಯಲ್ಲಿ ಇದಕ್ಕೆ ಸ್ಪಷ್ಟವಾದ ಉತ್ತರವಿದೆ. ಅಲ್ಲಿ ಶಿಷ್ಯನು ಮೊದಲು ಮೆಯ್‌ತ್ತಾರಿಯಲ್ಲಿ ಮೈಯನ್ನು ಹದಗೊಳಿಸಿಕೊಳ್ಳುತ್ತಾನೆ. ಆಮೇಲೆ ಕೋಲ್‌ತ್ತಾರಿ, ಅಂದರೆ ಮರದ ಆಯುಧಗಳ ಅಭ್ಯಾಸ. ಅದು ಮುಗಿದ ಮೇಲೆಯೇ ಅಂಗತ್ತಾರಿಯಲ್ಲಿ ಲೋಹದ ಆಯುಧ ಕೈಗೆ ಬರುತ್ತದೆ. ಇಂಗ್ಲೆಂಡಿನಲ್ಲಿಯೂ ಕತ್ತಿಯ ಪಾಠಕ್ಕೆ ಮುನ್ನ ಬೆತ್ತದ ಹಿಡಿರಕ್ಷೆಯುಳ್ಳ ಕೋಲನ್ನು ಕೊಡುತ್ತಿದ್ದರು. ಅಲ್ಲಿಯ ಹಳ್ಳಿಯ ಜಾತ್ರೆಗಳಲ್ಲಿ ನಡೆಯುತ್ತಿದ್ದ ಕೋಲಿನ ಪಂದ್ಯಗಳಲ್ಲಿ ಎದುರಾಳಿಯ ತಲೆಯಿಂದ ರಕ್ತ ಬರಿಸಿದವನೇ ಗೆದ್ದವನು. ಮೈಸೂರರಮನೆಯ ವಜ್ರಮುಷ್ಟಿಯ ನಿಯಮವನ್ನು ಬಲ್ಲವರಿಗೆ ಈ ಸಾಮ್ಯ ಕುತೂಹಲಕರವಾಗಿ ತೋರದಿರದು. ಇದರಿಂದ ಒಂದು ಇನ್ನೊಂದರಿಂದ ಬಂದಿತೆಂದು ಹೇಳಲಾಗದು. ಪ್ರಾಣಕ್ಕೆ ಅಪಾಯವಾಗದಂತೆ ಸ್ಪರ್ಧೆಯನ್ನು ನಿಲ್ಲಿಸುವ ಗುರುತು ಎಲ್ಲ ಕಡೆಯೂ ಬೇಕಾಗಿತ್ತು, ಅಷ್ಟೆ. ಕೊಡಗಿನವರು ಇನ್ನೂ ಜಾಣತನದ ಮಿತಿಯನ್ನು ಕಂಡುಕೊಂಡಿದ್ದಾರೆ. ಪುತ್ತರಿಯ ಸಂದರ್ಭದ ಪರಿಯ ಕಳಿಯಲ್ಲಿ ಇಬ್ಬರು ಬೆತ್ತ ಮತ್ತು ಗುರಾಣಿ ಹಿಡಿದು ಹೋರಾಡುತ್ತಾರೆ. ಏಟು ಮೊಣಕಾಲಿನಿಂದ ಕೆಳಕ್ಕೆ ಮಾತ್ರ ಬೀಳಬೇಕು. ಎದುರಾಳಿಯ ಬೆತ್ತ ಯಾವ ಕ್ಷಣದಲ್ಲಿ ಕಾಲಿನ ಕಡೆ ತಿರುಗೀತೆಂಬುದನ್ನು ಕಣ್ಣು ಹಿಡಿಯಬೇಕು, ಪಾದ ಅಷ್ಟರೊಳಗೆ ಅಲ್ಲಿಂದ ಸರಿಯಬೇಕು. ಮನಸ್ಸು ಮೈಗಳ ಹೊಂದಾಣಿಕೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ವ್ಯಾಯಾಮಶಾಸ್ತ್ರಜ್ಞರು ಸೂಚಿಸಬಲ್ಲರೆ?

ಮೈಸೂರಿನ ಗರಡಿಯ ಒಳಗನ್ನು ನೋಡಿದವರಿಗೆ ಈ ಮಾತು ಇನ್ನೂ ಚೆನ್ನಾಗಿ ಮನದಟ್ಟಾಗುತ್ತದೆ. ಬಾಗಿಲು ಗಿಡ್ಡ, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಮಂದ ಬೆಳಕು, ಹದಗೊಳಿಸಿದ ಕೆಮ್ಮಣ್ಣಿನ ಮಟ್ಟಿ, ಗೋಡೆಗೆ ಹನುಮಂತ, ಪಕ್ಕದಲ್ಲಿ ಗದೆ, ಗುಂಡುಕಲ್ಲು. ದಂಡೆ, ಬಸ್ಕಿಗಳಿಂದ ಮೈ ಬಿಸಿಯಾದ ಮೇಲೆ ಹುಡುಗರು ದೊಣ್ಣೆ ಹಿಡಿದು ಹೊರಗಿನ ಬಯಲಿಗೆ ಬರುತ್ತಾರೆ, ಏಕೆಂದರೆ ದೊಣ್ಣೆಗೆ ಆಳೆತ್ತರದ ಸುತ್ತಳತೆ ಬೇಕು. ಕೈಗಿಂತ ಮೊದಲು ಕಾಲಿಗೆ ಪಾಠ. ಮುಂದೆ, ಹಿಂದೆ, ಪಕ್ಕಕ್ಕೆ, ತಿರುಗಿ. ನಾಲ್ಕು ದಿಕ್ಕಿಗೂ ಮುಖ ಮಾಡುವುದನ್ನು ಅಭ್ಯಸಿಸುತ್ತಾರೆ. ಕುಸ್ತಿಯಲ್ಲಿ ಎದುರಾಳಿ ಒಬ್ಬನೇ. ದಾರಿಯಲ್ಲಿ ಅಡ್ಡಗಟ್ಟುವವರು ಒಬ್ಬರಾಗಿರುವುದಿಲ್ಲ. ಈ ಒಂದು ಭೇದದಿಂದಲೇ ದೊಣ್ಣೆವರಸೆಯ ಎಲ್ಲ ಹೆಜ್ಜೆಗಳೂ ಹುಟ್ಟಿವೆಯೆಂದು ಹೇಳಬಹುದು. ಆಮೇಲೆ ಒಂಟಿಯಾಗಿ ತಿರುಗಿಸುವುದು, ಬಲಗೈಯಿಂದ ಎಡಗೈಗೆ ಬದಲಿಸುವುದು. ಕೊನೆಗೆ ಜೋಡಿಯಾಗಿ ಹೊಡೆತ ಮತ್ತು ತಡೆ. ಏಟನ್ನು ಮೈಗೆ ತಗಲುವ ಮುನ್ನ ಹಿಡಿದು ನಿಲ್ಲಿಸುವುದು ಹೊಡೆಯುವುದಕ್ಕಿಂತ ಕಷ್ಟ. ಹೊಸಬರ ಬೆರಳ ಗೆಣ್ಣುಗಳನ್ನು ನೋಡಿದರೆ ಆ ಕಷ್ಟ ಎಷ್ಟೆಂಬುದು ತಿಳಿಯುತ್ತದೆ.

ಹಬ್ಬದ ಮೆರವಣಿಗೆಯಲ್ಲಿ ಈ ವಿದ್ಯೆಗೆ ತಮಟೆಯ ಗತ್ತು ಸೇರಿ, ದೊಣ್ಣೆಯ ಎರಡು ತುದಿಗಳಿಗೂ ಬೆಂಕಿ ಹೊತ್ತಿಸಿ ತಿರುಗಿಸುವ ಚಮತ್ಕಾರ ಸೇರಿ, ನೋಟಕರಿಗೆ ಅದು ಕೋಲಾಟದ ತಮ್ಮನಂತೆ ಕಾಣುತ್ತದೆ. ನಾವು ಮೇಲೆ ಹೇಳಿದ ತಪ್ಪು ವರ್ಗೀಕರಣಕ್ಕೆ ಇದೇ ಕಾರಣ. ಕೋಲಾಟದಲ್ಲಿ ಎದುರಿನವನ ಕೋಲು ಎಲ್ಲಿಗೆ ಬರುವುದೆಂಬುದು ಮೊದಲೇ ಗೊತ್ತು. ಬಾರದಿದ್ದರೆ ಆಟ ಕೆಡುತ್ತದೆ. ಜೋಡಿ ದೊಣ್ಣೆಯಲ್ಲಿ ಅದು ಗೊತ್ತಿಲ್ಲ. ಗೊತ್ತಾದರೆ ಪಾಠ ಕೆಡುತ್ತದೆ. ಎರಡಕ್ಕೂ ತಾಳವಿದೆಯೆಂದ ಮಾತ್ರಕ್ಕೆ ಎರಡೂ ಒಂದಾಗಲಾರವು.

ಮೊಹಲ್ಲಾಮೊಹಲ್ಲಾಗಳಲ್ಲಿದ್ದ ಮೈಸೂರಿನ ಗರಡಿಗಳಲ್ಲಿ ಹಲವು ಈಗ ಮುಚ್ಚಿವೆ. ಕುಸ್ತಿಗೆ ದಸರೆಯ ಪಂದ್ಯಗಳೂ ಬಹುಮಾನಗಳೂ ಇರುವುದರಿಂದ ಅದು ಹೇಗೋ ಉಳಿದುಕೊಂಡಿದೆ. ವಜ್ರಮುಷ್ಟಿಗೆ ಅರಮನೆಯ ವಿಧಿಯ ಆಸರೆ ಇದೆ. ದೊಣ್ಣೆವರಸೆಗೆ ಮೆರವಣಿಗೆಯ ಅರ್ಧ ತಾಸು ಬಿಟ್ಟರೆ ಆಸರೆಯಿಲ್ಲ. ಮೆರವಣಿಗೆಗೆ ಬೇಕಾದುದು ತಿರುಗಿಸುವುದೊಂದೇ ಆದುದರಿಂದ, ತಿರುಗಿಸುವುದು ಮಾತ್ರ ಮುಂದಿನ ತಲೆಮಾರಿಗೆ ದಾಟುತ್ತಿದೆ. ಹೊಡೆತ-ತಡೆಗಳ ಜೋಡಿಪಾಠ ಹಿಂದೆ ಬೀಳುತ್ತಿದೆ. ನಷ್ಟ ಎಲ್ಲಿ ಆಗುತ್ತಿದೆಯೆಂಬುದನ್ನು ಇಷ್ಟು ನಿರ್ದಿಷ್ಟವಾಗಿ ಗುರುತಿಸದೆ 'ಕಲೆ ನಶಿಸುತ್ತಿದೆ'ಯೆಂದು ಹಲುಬುವುದರಿಂದ ಪ್ರಯೋಜನವಿಲ್ಲ.

ಕಾಲೇಜುಗಳ ಇತಿಹಾಸ ಮತ್ತು ಜಾನಪದ ವಿಭಾಗಗಳ ವಿದ್ಯಾರ್ಥಿಗಳು ಇಲ್ಲಿ ಮಾಡಬಹುದಾದ ಕೆಲಸ ದೊಡ್ಡದಲ್ಲ, ಆದರೆ ತಾಳ್ಮೆಯದು. ಒಂದೊಂದು ಗರಡಿಯ ವರಸೆಯನ್ನೂ ಸಂಗೀತದ ವರಸೆಯಂತೆ ಸಾಲಾಗಿ ಬರೆದುಕೊಳ್ಳಬೇಕು: ಯಾವ ಹೆಜ್ಜೆಗೆ ಯಾವ ಕೈ, ಯಾವ ಹೊಡೆತಕ್ಕೆ ಯಾವ ತಡೆ, ಅದಕ್ಕೆ ಗರಡಿಯವರು ಬಳಸುವ ಮಾತು ಯಾವುದು. ಚಲನಚಿತ್ರ ತೆಗೆಯುವುದಾದರೆ ಎದುರಿನಿಂದ ತೆಗೆದ ಚಿತ್ರವೊಂದೇ ಸಾಲದು. ಎದುರಿನಿಂದ ನೋಡಿದಾಗ ಕಣ್ಣು ದೊಣ್ಣೆಯ ತುದಿಯ ಹಿಂದೆ ಓಡುತ್ತದೆ. ಕ್ಯಾಮರಾವನ್ನು ನೆಲದ ಮಟ್ಟಕ್ಕೆ ಇಳಿಸಿ, ಪಾದಗಳನ್ನು ಪ್ರತ್ಯೇಕವಾಗಿ ಹಿಡಿಯಬೇಕು. ಜೋಡಿಪಾಠವನ್ನು ಕಲಿಸುವ ಉಸ್ತಾದರು ಇನ್ನೂ ಎಲ್ಲಿರುವರೋ ಅಲ್ಲಿಂದಲೇ ಇದನ್ನು ಆರಂಭಿಸಬೇಕು.