ಇರುಳಿನ ರಕ್ತದೊತ್ತಡ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆಯಲ್ಲಿ ರಾತ್ರಿಯೆಂದರೆ ಬರಿಯ ನಿದ್ದೆಯ ಹೊತ್ತಲ್ಲ. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮದ ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ಊರೂರಲ್ಲಿ ಚೆಂಡೆಯ ದನಿ. ಈಚೆಗೆ ಕಾಲಮಿತಿಯ ಆಟಗಳು ಬಂದಿದ್ದರೂ, ಬೆಳಗಿನ ತನಕ ಎಚ್ಚರವಿದ್ದು ಹಗಲು ಮಲಗುವುದು ಇಲ್ಲಿನ ಕಲಾವಿದರಿಗೆ ಹೊಸತಲ್ಲ. ಗಂಗೊಳ್ಳಿಯ ಮೀನುಗಾರರಲ್ಲಿ ಹಲವರು ಕತ್ತಲಿರುವಾಗಲೇ ಕಡಲಿಗಿಳಿಯುವವರು. ರಕ್ತಕ್ಕೂ ರಾತ್ರಿಯದೊಂದು ನಡೆಯುಂಟೆಂದರೆ ಇಂಥ ಜನ ಬೆರಗಾಗಲಾರರು. ಆದರೆ ವೈದ್ಯಶಾಸ್ತ್ರ ಆ ನಡೆಯನ್ನು ಗಮನಿಸಿದ್ದು ಬಹಳ ತಡವಾಗಿ.

1896ರಲ್ಲಿ ಇಟಲಿಯ ರೀವ-ರೋಚಿ ತೋಳಿಗೆ ಪಟ್ಟಿ ಕಟ್ಟಿ ಪಾದರಸದ ಕೊಳವೆಯಲ್ಲಿ ಒತ್ತಡವನ್ನು ಅಳೆದನು. 1905ರಲ್ಲಿ ರಷ್ಯದ ಕೊರಟ್ಕಾಫ್ ಧಮನಿಯ ಸದ್ದನ್ನು ಕೇಳಿ ಅಳೆಯುವ ಕ್ರಮವನ್ನು ತಿಳಿಸಿದನು. ನಡುವೆ, 1898ರಲ್ಲೇ, ಇಂಗ್ಲೆಂಡಿನ ಲಿಯೊನಾರ್ಡ್ ಹಿಲ್ ನಿದ್ದೆಯಲ್ಲಿ ಒತ್ತಡ ಇಳಿಯುವುದನ್ನು ಕಂಡಿದ್ದನು. ಆದರೂ ರೋಗಿ ಬರುವುದು ಹಗಲು, ವೈದ್ಯರು ಅಳೆಯುವುದೂ ಹಗಲು. ರಾತ್ರಿಯ ಲೆಕ್ಕ ಹಾಗೆಯೇ ಉಳಿಯಿತು.

1953ರಲ್ಲಿ ಡಾ. ಟಿ. ಎಂ. ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಾಗ ಹೊಸ ವೈದ್ಯವಿದ್ಯೆ ಈ ಸೀಮೆಯ ನೆರೆಗೇ ಬಂದಿತು. ಆಗಿನ್ನೂ ಮೈಮೇಲೆ ಹೊತ್ತು ತಿರುಗಬಹುದಾದ ಅಳತೆಯ ಯಂತ್ರ ಹುಟ್ಟಿರಲಿಲ್ಲ. 1962ರಲ್ಲಿ ಅಮೆರಿಕದ ಹಿನ್‌ಮನ್ ಮತ್ತು ಸಂಗಡಿಗರು ಅಂಥದೊಂದನ್ನು ವರ್ಣಿಸಿದರು. ಅದರ ಪಟ್ಟಿಗೆ ಗಾಳಿ ತುಂಬಬೇಕಾದವನು ರೋಗಿಯೇ. ನಿದ್ದೆಯಲ್ಲಿರುವವನಿಗೆ ಅದು ಹೇಗೆ ಸಾಧ್ಯ? ತಾನಾಗಿ ಅಳೆಯುವ ಯಂತ್ರಗಳು ಬಂದ ತರುವಾಯ, 1988ರಲ್ಲಿ ಡಬ್ಲಿನ್ನಿನ ಓಬ್ರಯನ್ ಮತ್ತು ಸಹೋದ್ಯೋಗಿಗಳು ಜನರನ್ನು ಎರಡು ಗುಂಪು ಮಾಡಿದರು: ರಾತ್ರಿ ಒತ್ತಡ ಇಳಿಯುವವರು, ಇಳಿಯದವರು. ಇಳಿಯದವರಲ್ಲಿ ಪಾರ್ಶ್ವವಾಯು ಬಡಿದವರು ಹೆಚ್ಚಾಗಿದ್ದರು. ಹಗಲಿನ ಮಟ್ಟಕ್ಕಿಂತ ನೂರಕ್ಕೆ 10ರಷ್ಟಾದರೂ ಇಳಿಯಬೇಕೆಂಬುದು ಇಂದಿನ ರೂಢಿಯ ಅಳತೆ.

ಈ ಇಳಿಯದವರ ಗುಂಪಿನಲ್ಲಿ ಎರಡನೆಯ ಬಗೆಯ ಮಧುಮೇಹದವರು ಹೆಚ್ಚಾಗಿ ಕಾಣಸಿಗುತ್ತಾರೆ. ಅದಕ್ಕೆ ಕಾರಣ ಒಂದಲ್ಲ. ಬಹುಕಾಲದ ಸಕ್ಕರೆ, ಹೃದಯವನ್ನೂ ರಕ್ತನಾಳಗಳನ್ನೂ ನಮ್ಮ ಅರಿವಿಲ್ಲದೆ ನಡೆಸುವ ನರಗಳನ್ನು ಕೆಡಿಸುತ್ತದೆ. ಮೂತ್ರಪಿಂಡ ಸೋತರೆ ಹಗಲು ಹೊರಹಾಕಬೇಕಾದ ಉಪ್ಪು ಉಳಿದು, ರಾತ್ರಿಯೂ ಒತ್ತಡ ಏರಿಯೇ ಇರುತ್ತದೆ. ಗೊರಕೆಯ ನಡುವೆ ಉಸಿರು ಕಟ್ಟುವ ತೊಂದರೆಯೂ ಇವರಲ್ಲಿ ಸಾಮಾನ್ಯ. ಹಗಲಿನ ಅಳತೆ ಸರಿಯಾಗಿದೆಯೆಂದು ನೆಮ್ಮದಿಯಿಂದಿರುವ ಮನೆಯ ಹಿರಿಯರ ಹೃದಯಕ್ಕೂ ಮೂತ್ರಪಿಂಡಕ್ಕೂ ರಾತ್ರಿಯಿಡೀ ಪೆಟ್ಟು ಬೀಳುತ್ತಿರಬಹುದು, ಅಪಾಯವಿರುವುದು ಇಲ್ಲಿಯೇ.

ಹಾಗೆಂದು ಬೆಳಗಿನ ಮಾತ್ರೆಯನ್ನು ರಾತ್ರಿಗೆ ಬದಲಿಸಿಕೊಂಡರೆ ಸಾಕೆಂದು ತಾವೇ ತೀರ್ಮಾನಿಸುವುದು ತರವಲ್ಲ. ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಮಿಕ್ಕಿದ ಜನರಲ್ಲಿ ಎರಡನ್ನೂ ಹೋಲಿಸಿ 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹೃದಯಾಘಾತ, ಪಾರ್ಶ್ವವಾಯುಗಳ ಮಟ್ಟಿಗೆ ವ್ಯತ್ಯಾಸ ಕಾಣಲಿಲ್ಲ. ಅಗತ್ಯವೆನಿಸಿದವರಿಗೆ 24 ಗಂಟೆಗಳ ಅಳತೆಯನ್ನು ವೈದ್ಯರೇ ಸೂಚಿಸುತ್ತಾರೆ.

ಇನ್ನೊಂದು ಮಾತು. ಈ ಇಳಿತ ಗಡಿಯಾರಕ್ಕಿಂತ ಹೆಚ್ಚಾಗಿ ನಿದ್ದೆಯನ್ನು ಹಿಂಬಾಲಿಸುತ್ತದೆ. ರಾತ್ರಿಯೆಲ್ಲ ಪದ ಹೇಳಿದ ಭಾಗವತರಿಗೆ ಹಗಲಿನ ನಿದ್ದೆಯೇ ರಾತ್ರಿ. ಆದುದರಿಂದ ವೈದ್ಯರ ಬಳಿಗೆ ಹೋದಾಗ ಏನು ಉಂಡಿರೆಂಬುದರ ಜೊತೆಗೆ, ಯಾವಾಗ ಮಲಗುತ್ತೀರಿ, ಹೇಗೆ ಮಲಗುತ್ತೀರಿ ಎಂಬುದನ್ನೂ ತಪ್ಪದೆ ಹೇಳಬೇಕು.