ಸೋಮವಾರ ಬೆಳಿಗ್ಗೆ ಪುನರುತ್ಥಾನ: ಒಂದು ನಂಬಿಕೆ ದಿನನಿತ್ಯಕ್ಕೆ ಇಳಿದ ಕತೆ

 

ಈಸ್ಟರ್ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಗುಡ್ ಫ್ರೈಡೇ ಜೊತೆ ಸಿಗೋ ಲಾಂಗ್ ವೀಕೆಂಡ್. ಆ ಭಾನುವಾರ ಕ್ರೈಸ್ತರು ನೆನೆಯೋದು ಯೇಸುವಿನ ಪುನರುತ್ಥಾನವನ್ನ. ಶಿಲುಬೆಯ ಮೇಲೆ ಸತ್ತವನು ಮೂರನೇ ದಿನ ಎದ್ದ ಅನ್ನೋ ನಂಬಿಕೆ ಅದು. ಎದ್ದನೋ ಇಲ್ಲವೋ ಅಂತ ನಾನಿಲ್ಲಿ ವಾದ ಮಾಡೋದಿಲ್ಲ, ಅದು ಅವರವರ ನಂಬಿಕೆಗೆ ಬಿಟ್ಟದ್ದು. ನನ್ನ ಪ್ರಶ್ನೆ ಇತಿಹಾಸದ್ದು: ಎದ್ದ ಅಂತ ನಂಬಿದವರು ಸೋಮವಾರ ಬೆಳಿಗ್ಗೆ ಬೇರೆ ಥರ ಬದುಕಿದ್ರಾ?

ಮೊದಲು ಒಂದು ಗೊಂದಲ ಬಿಡಿಸೋಣ. ಪುನರುತ್ಥಾನ ಅಂದ್ರೆ ಪುನರ್ಜನ್ಮ ಅಲ್ಲ. ಆತ್ಮ ಇನ್ನೊಂದು ದೇಹ ಹುಡುಕಿಕೊಂಡು ಹೋಗೋದಿಲ್ಲ. ಆತ್ಮ ದೇಹವನ್ನ ಬಿಟ್ಟು ಸ್ವರ್ಗಕ್ಕೆ ಹಾರೋದೂ ಅಲ್ಲ. ಕೊನೆಯಲ್ಲಿ ದೇವರು ಸತ್ತವರನ್ನ ದೇಹಸಮೇತ ಎಬ್ಬಿಸ್ತಾನೆ ಅನ್ನೋದು ಆ ಕಾಲದ ಅನೇಕ ಯೆಹೂದ್ಯರ ನಂಬಿಕೆಯಾಗಿತ್ತು. ಫರಿಸಾಯರು ಒಪ್ಪುತ್ತಿದ್ದರು, ಸದ್ದುಕಾಯರು ಒಪ್ಪುತ್ತಿರಲಿಲ್ಲ. ಆ ಕೊನೆ ಯೇಸುವಿನಲ್ಲಿ ಆಗಲೇ ಶುರುವಾಗಿದೆ ಅಂತ ಕ್ರೈಸ್ತರು ಹೇಳಿದರು.

ಈ ಮಾತು ಗ್ರೀಕ್ ಲೋಕಕ್ಕೆ ಹೋದಾಗ ಜಗಳ ಶುರುವಾಯ್ತು. ಅಲ್ಲಿನ ಓದಿದ ಜನರಲ್ಲಿ ಹಲವರಿಗೆ ದೇಹ ಅಂದ್ರೆ ಆತ್ಮದ ಜೈಲು. ಬಿಡುಗಡೆಯಾದ ಮೇಲೆ ಮತ್ತೆ ಯಾರು ಜೈಲಿಗೆ ಹೋಗ್ತಾರೆ? ಅಥೆನ್ಸಿನಲ್ಲಿ ಪೌಲ ಸತ್ತವರು ಏಳುವ ಮಾತು ತೆಗೆದಾಗ ಕೆಲವರು ನಕ್ಕೇಬಿಟ್ಟರು ಅಂತ ಬೈಬಲ್ಲೇ ಹೇಳುತ್ತೆ.

ಅಲ್ಲಿಂದ ಪೌಲ ಹೋದದ್ದು ಕೊರಿಂಥಕ್ಕೆ. ಈ ಊರಿನ ಕತೆ ನಮಗೆ ಹತ್ತಿರದ್ದು. ಕ್ರಿ.ಪೂ. 146ರಲ್ಲಿ ರೋಮನ್ನರು ಕೆಡವಿದ ಈ ಪಟ್ಟಣವನ್ನು ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಮತ್ತೆ ಕಟ್ಟಿಸಿದ. ಅಲ್ಲಿ ನೆಲೆಸಿದವರಲ್ಲಿ ಬಿಡುಗಡೆಯಾದ ಗುಲಾಮರು ಬಹಳ. ಎರಡು ಬಂದರು, ದುಡ್ಡು, ವ್ಯಾಪಾರ, ಎಲ್ಲಿಂದಲೋ ಬಂದ ಜನ. ಪೌಲ ಅಲ್ಲಿ ಉಳಿದುಕೊಂಡದ್ದು ಅಕ್ವಿಲ ಮತ್ತು ಪ್ರಿಸ್ಕಿಲ್ಲ ಅನ್ನೋ ದಂಪತಿಯ ಮನೆಯಲ್ಲಿ. ಚಕ್ರವರ್ತಿ ಕ್ಲಾಡಿಯಸ್ ಯೆಹೂದ್ಯರನ್ನ ರೋಮಿನಿಂದ ಹೊರಹಾಕಿದಾಗ ಊರು ಬಿಟ್ಟು ಬಂದವರು ಅವರು. ಮೂವರೂ ಸೇರಿ ಡೇರೆ ಹೊಲಿಯುತ್ತಿದ್ದರು.

ಸುಮಾರು ಕ್ರಿ.ಶ. 54-55ರಲ್ಲಿ ಪೌಲ ಕೊರಿಂಥದವರಿಗೆ ಒಂದು ಪತ್ರ ಬರೆದ. ಸತ್ತವರು ಏಳೋದಿಲ್ಲ ಅಂತ ಅಲ್ಲಿ ಕೆಲವರು ಹೇಳ್ತಿದ್ದರು. ಪತ್ರ ಪೂರ್ತಿ ಓದಿದ್ರೆ ಇನ್ನೊಂದು ವಿಷಯ ಗೊತ್ತಾಗುತ್ತೆ. ಸಾಮೂಹಿಕ ಊಟದಲ್ಲಿ ಉಳ್ಳವರು ಮೊದಲೇ ತಿಂದು ಮುಗಿಸ್ತಿದ್ದರು, ಇಲ್ಲದವರು ಹಸಿದುಕೊಂಡೇ ಇರ್ತಿದ್ದರು. ನನ್ನ ಓದಿನಲ್ಲಿ ಇವೆರಡಕ್ಕೂ ಸಂಬಂಧ ಇದೆ. ದೇಹ ಹೇಗೂ ಹೋಗೋ ವಸ್ತು ಅಂದಮೇಲೆ ಪಕ್ಕದವನ ಹೊಟ್ಟೆ ಏನು ಮಹಾ? ಪೌಲನ ಉತ್ತರ 15ನೇ ಅಧ್ಯಾಯದಲ್ಲಿದೆ. ಬಿತ್ತಿದ ಕಾಳು ಬೇರೆ ರೂಪದಲ್ಲಿ ಏಳುವ ಹಾಗೆ ಈ ದೇಹವೂ ಏಳುತ್ತೆ, ಆದ್ದರಿಂದ ನೀವು ಇಲ್ಲಿ ಪಡುವ ಶ್ರಮ ವ್ಯರ್ಥ ಅಲ್ಲ ಅನ್ನೋದು ಅದರ ಸಾರ. ಮುಂದಿನ ಅಧ್ಯಾಯದ ಮೊದಲ ವಿಷಯ ಏನು ಗೊತ್ತಾ? ಚಂದಾ! ಯೆರೂಸಲೇಮಿನ ಬಡವರಿಗಾಗಿ ವಾರದ ಮೊದಲ ದಿನ ಎಲ್ಲರೂ ಕೈಲಾದಷ್ಟು ತೆಗೆದಿಡಿ ಅಂತಾನೆ. ವಾರದ ಮೊದಲ ದಿನ ಅಂದ್ರೆ ಯೇಸು ಎದ್ದ ದಿನ, ಭಾನುವಾರ.

ಬದುಕಿದ್ದವರ ಹೊಟ್ಟೆಯ ಮಾತಾಯ್ತು. ಸತ್ತವರದ್ದು? ರೋಮ್ ಸಾಮ್ರಾಜ್ಯದ ದೊಡ್ಡ ಊರಲ್ಲಿ ಬಂಧುಗಳಿಲ್ಲದ ಬಡವ ಸತ್ತರೆ ಹೂಳೋರು ಯಾರು ಅನ್ನೋದೇ ದೊಡ್ಡ ಚಿಂತೆ. ಅದಕ್ಕೆ ಸಂಘಗಳಿದ್ದವು. ರೋಮಿನ ಹತ್ತಿರದ ಲನುವಿಯಂನಲ್ಲಿ ಕ್ರಿ.ಶ. 136ರ ಒಂದು ಶಾಸನ ಸಿಕ್ಕಿದೆ. ಸಂಘ ಸೇರೋಕೆ 100 ಸೆಸ್ಟರ್ಸ್ ಮತ್ತು ಒಂದು ಕೊಡ ಒಳ್ಳೆ ದ್ರಾಕ್ಷಾರಸ, ಆಮೇಲೆ ತಿಂಗಳಿಗೆ 5 ಕಾಸು. ಆರು ತಿಂಗಳು ಕಂತು ಕಟ್ಟದಿದ್ದರೆ ಅಂತ್ಯಕ್ರಿಯೆ ಇಲ್ಲ. ನಮ್ಮ ಪಾಲಿಸಿ ಲ್ಯಾಪ್ಸ್ ಆಗುತ್ತಲ್ಲ, ಹಾಗೇ. ಕ್ರೈಸ್ತರಲ್ಲೂ ತಿಂಗಳ ವಂತಿಗೆ ಇತ್ತು. ಆದ್ರೆ ಅದು ಕಡ್ಡಾಯ ಅಲ್ಲ, ಬಡವರಿಗೆ ಊಟ ಹಾಕೋಕೆ ಮತ್ತು ಬಡವರನ್ನ ಹೂಳೋಕೆ ಅಂತ ಸುಮಾರು 197ರಲ್ಲಿ ಕಾರ್ಥೇಜಿನ ಟೆರ್ಟುಲಿಯನ್ ಬರೀತಾನೆ. ಹೂಳುವ ಜಾಗಕ್ಕೆ ಅವರು ಬಳಸಿದ ಗ್ರೀಕ್ ಪದದ ಅರ್ಥ ಮಲಗುವ ಕೋಣೆ. ಸೆಮೆಟರಿ ಅನ್ನೋ ಮಾತು ಬಂದದ್ದು ಅದರಿಂದಲೇ. ಮಲಗಿದವರು ಏಳ್ತಾರೆ ಅನ್ನೋ ಲೆಕ್ಕ.

ಸುಮಾರು 250ರ ಹೊತ್ತಿಗೆ ಸಾಮ್ರಾಜ್ಯದ ತುಂಬ ಭೀಕರ ಸಾಂಕ್ರಾಮಿಕ ಹಬ್ಬಿತು. ಅಲೆಕ್ಸಾಂಡ್ರಿಯಾದ ಬಿಷಪ್ ಡಯೊನೀಷಿಯಸ್ ತನ್ನ ಜನ ರೋಗಿಗಳನ್ನ ಮುಟ್ಟಿ ಆರೈಕೆ ಮಾಡಿದ್ದು, ಹೆಣಗಳನ್ನ ತೊಳೆದು ಹೂತದ್ದು, ಹಾಗೆ ಮಾಡುತ್ತಾ ಅನೇಕರು ತಾವೇ ಸತ್ತದ್ದನ್ನ ಬರೆದಿದ್ದಾನೆ. ಸ್ವಂತ ಜನರನ್ನ ಹೊಗಳೋ ಬಿಷಪ್ಪನ ಮಾತು ಎಷ್ಟು ನಂಬೋದು ಅಂತ ನೀವು ಕೇಳಬಹುದು, ಕೇಳಲೇಬೇಕು. ಹಾಗಾದ್ರೆ ವಿರೋಧಿಯ ಸಾಕ್ಷಿ ನೋಡಿ. ಕ್ರೈಸ್ತ ಧರ್ಮ ಬಿಟ್ಟು ಹಳೆಯ ದೇವರುಗಳನ್ನ ಮರಳಿ ತರೋಕೆ ಹೊರಟ ಚಕ್ರವರ್ತಿ ಜೂಲಿಯನ್, ಸುಮಾರು 362ರಲ್ಲಿ ತನ್ನ ಒಬ್ಬ ಪುರೋಹಿತನಿಗೆ ಪತ್ರ ಬರೀತಾನೆ. ಆ ಜನ ಬೆಳೆದದ್ದಕ್ಕೆ ಅವನು ಕೊಡೋ ಕಾರಣಗಳಲ್ಲಿ ಎರಡು ಇವು: ಪರಕೀಯರಿಗೆ ತೋರುವ ದಯೆ, ಸತ್ತವರನ್ನ ಹೂಳುವಾಗಿನ ಕಾಳಜಿ. ನಾವೂ ಹಾಗೆ ಮಾಡಬೇಕು ಅಂತ ಗೊಣಗ್ತಾನೆ.

ಇನ್ನೊಂದು ಮುಖವನ್ನೂ ಹೇಳಲೇಬೇಕು. ಇದೇ ನಂಬಿಕೆ ಇಟ್ಟುಕೊಂಡವರು ಶತಮಾನಗಳ ಕಾಲ ಗುಲಾಮರನ್ನೂ ಇಟ್ಟುಕೊಂಡರು. ಆಮೇಲೆ ಅಮೆರಿಕದ ತೋಟಗಳಲ್ಲಂತೂ ಈಗ ಸಹಿಸಿಕೋ, ಪರಲೋಕದಲ್ಲಿ ಸುಖ ಇದೆ ಅಂತ ಗುಲಾಮರಿಗೆ ಉಪದೇಶ ಮಾಡಿಸಿದರು. ಕೊರಿಂಥದಲ್ಲಿ ಪೌಲ ಎದುರಿಸಿದ ವಾದವೇ ಇನ್ನೊಂದು ವೇಷದಲ್ಲಿ ಬಂತು ಅಂತ ನನಗನ್ನಿಸುತ್ತೆ. ದೇಹ ಮುಖ್ಯ ಅಲ್ಲ ಅಂದಕೂಡಲೇ, ಯಾರ ದೇಹ ಬಳಸಿಕೊಳ್ಳೋದು ಸುಲಭವೋ ಅವರಿಗೆ ಪೆಟ್ಟು ಬೀಳುತ್ತೆ.

2021ರ ಕೋವಿಡ್ ಅಲೆಯಲ್ಲಿ ಆಂಬುಲೆನ್ಸ್‌ಗಳು ಚಿತಾಗಾರದ ಮುಂದೆ ಸಾಲುಗಟ್ಟಿ ನಿಂತದ್ದನ್ನ ನಾವೆಲ್ಲ ನೋಡಿದ್ದೀವಿ. ಊರಿಂದ ಯಾರೂ ಬರೋಕಾಗದೆ, ಗುರುತಿಲ್ಲದವರು ಮುಂದೆ ನಿಂತು ಸಂಸ್ಕಾರ ಮಾಡಿದರು. ಅವರಲ್ಲಿ ಎಲ್ಲ ಧರ್ಮದವರೂ ಇದ್ದರು, ಯಾವ ಧರ್ಮವೂ ಇಲ್ಲದವರೂ ಇದ್ದರು. ಹಾಗಾಗಿ ಈ ಕೆಲಸ ಒಂದೇ ನಂಬಿಕೆಯ ಸ್ವತ್ತಲ್ಲ. ಆದರೆ ಊರು ಬಿಟ್ಟು ಬಂದ ನಮಗೆ ಕೊರಿಂಥದವರ ಪ್ರಶ್ನೆ ಇನ್ನೂ ಇದೆ: ನಿಮ್ಮ ಪಕ್ಕದ ಫ್ಲಾಟಿನವರಿಗೆ ರಾತ್ರಿ ಜ್ವರ ಏರಿದರೆ ಅವರು ಯಾರನ್ನ ಕರೀಬೇಕು? ನಿಮ್ಮ ನಂಬರ್ ಅವರ ಹತ್ತಿರ ಇದೆಯಾ?

ನಿಮ್ಮ ಅನುಭವ ಬರೆದು ತಿಳಿಸಿ.